ಹಸಿರು ಸರಕು ಚೀಲ ಸೇರುವುದು ಹೇಗೆ?

ಹಳೆಯ 60 ವಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು 9 ವಾಟಿನ ಎಲ್‌ಇಡಿ ಬಲ್ಬು ಕೊಡುತ್ತದೆ. ದಿನಕ್ಕೆ ಐದು ತಾಸು ಉರಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿತಾಯ. 2014ರ ಸುಮಾರಿಗೆ ಅಂಗಡಿಯಲ್ಲಿ ಇದರ ಬೆಲೆ 300 ರೂಪಾಯಿ ದಾಟುತ್ತಿತ್ತು. ಯೂನಿಟ್ಟಿಗೆ 5 ರೂಪಾಯಿ ಹಿಡಿದರೂ ಒಂದು ವರ್ಷದೊಳಗೇ ಅಸಲು ಕೈಗೆ ಬರಬೇಕು. ಆದರೂ ಕೊಂಡವರು ಕಡಿಮೆ. ನಾಳೆಯ ಉಳಿತಾಯ ಕಣ್ಣಿಗೆ ಕಾಣುವುದಿಲ್ಲ, ಇವತ್ತು ಜೇಬಿನಿಂದ ಹೋಗುವ ದುಡ್ಡು ಕಾಣುತ್ತದೆ.

2015ರ ಜನವರಿಯಲ್ಲಿ ಎಲ್‌ಇಡಿ ಬಲ್ಬು ಹಂಚಲು ಬಂದ ಉಜಾಲಾ ಯೋಜನೆ ಜನರಿಗೆ ಪರಿಸರದ ಪಾಠ ಹೇಳಲಿಲ್ಲ. ಸರ್ಕಾರಿ ಕಂಪನಿಯೊಂದು ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಿಗೇ ಟೆಂಡರ್ ಕರೆಯಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಕುಸಿಯಿತು. ಹಲವು ಕಡೆ ಗ್ರಾಹಕರು ಮೊದಲು ಕೊಡಬೇಕಾಗಿದ್ದು ಹತ್ತೇ ರೂಪಾಯಿ, ಉಳಿದದ್ದು ಕರೆಂಟು ಬಿಲ್ಲಿನಲ್ಲಿ ಕಂತು ಕಂತಾಗಿ. ನಮ್ಮ ರಾಜ್ಯದಲ್ಲಿ ಇದೇ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ದೇಶದಲ್ಲಿ ಹೀಗೆ ಹಂಚಿಕೆಯಾದ ಬಲ್ಬುಗಳು 36 ಕೋಟಿಗೂ ಹೆಚ್ಚು. ಅವು ಸೇರಿದ ಅಷ್ಟೂ ಮನೆಗಳಲ್ಲಿ ಭೂಮಿಯ ಬಿಸಿಯ ಬಗ್ಗೆ ಚಿಂತೆ ಹುಟ್ಟಿತ್ತೆಂದು ನಾನಂತೂ ನಂಬುವುದಿಲ್ಲ. ಹುಟ್ಟಬೇಕಾದ ಅಗತ್ಯವೂ ಇರಲಿಲ್ಲ.

ಬೆಲೆಯೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆಯೇ? ಜರ್ಮನಿಯ ಒಂದು ಪ್ರಯೋಗ ಇಲ್ಲ ಎನ್ನುತ್ತದೆ. ಅಲ್ಲಿ ಸುಮಾರು 42 ಸಾವಿರ ಮನೆಗಳವರು ಅಂತರ್ಜಾಲದಲ್ಲಿ ವಿದ್ಯುತ್ ಕಂಪನಿ ಹುಡುಕುವಾಗ, ಸ್ವಲ್ಪ ದುಬಾರಿಯಾದ ಹಸಿರು ವಿದ್ಯುತ್ತಿನ ಆಯ್ಕೆಯನ್ನು ಎರಡು ಬಗೆಯಲ್ಲಿ ಮುಂದಿಡಲಾಯಿತು. ಚೌಕದಲ್ಲಿ ತಾವೇ ಗುರುತು ಹಾಕಿ ಕೇಳಬೇಕಿದ್ದಾಗ, ಕರಾರು ಮಾಡಿಕೊಂಡವರಲ್ಲಿ ಅದನ್ನು ಆರಿಸಿದವರು ಶೇ. 7ರಷ್ಟು. ಗುರುತು ಮೊದಲೇ ಬಿದ್ದಿದ್ದು, ಬೇಡವಾದವರು ತೆಗೆಯಬೇಕಿದ್ದಾಗ ಶೇ. 69ರಷ್ಟು. ಜನ ಅದೇ ಬಗೆಯವರು, ದರವೂ ಅದೇ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ ‘ಜನಜಾಗೃತಿ ಅಭಿಯಾನ’ ಎಂಬ ಬ್ಯಾನರ್ ಕಂಡಾಗಲೆಲ್ಲ ನನಗೆ ಕೊಂಚ ಅನುಮಾನ.

ಅಕ್ಕಪಕ್ಕದವರ ಪ್ರಭಾವ ಇನ್ನೂ ಸೋಜಿಗದ್ದು. ವಿದ್ಯುತ್ ಯಾಕೆ ಉಳಿಸುತ್ತೀರಿ ಎಂದು ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞರು ಕೇಳಿದಾಗ ಜನ ಪರಿಸರ, ಸಮಾಜ, ಹಣ ಎಂದೆಲ್ಲ ಹೇಳಿದರು. ‘ನೆರೆಯವರು ಮಾಡುತ್ತಾರೆ, ಅದಕ್ಕೆ’ ಎನ್ನುವುದಕ್ಕೆ ಕೊನೆಯ ಸ್ಥಾನ. ಮನೆಬಾಗಿಲಿಗೆ ಬೇರೆ ಬೇರೆ ಸಂದೇಶಗಳ ಚೀಟಿ ತೂಗುಹಾಕಿ ಮೀಟರ್ ನೋಡಿದರೆ, ಬಳಕೆಯನ್ನು ಹೆಚ್ಚು ಇಳಿಸಿದ್ದು ನೆರೆಯವರ ಸುದ್ದಿ ಹೇಳಿದ ಚೀಟಿಯೇ! ಬೆಂಗಳೂರಿನ ತಾರಸಿಗಳ ಸೋಲಾರ್ ವಾಟರ್ ಹೀಟರುಗಳ ಹಿಂದೆ ಹೊಸ ಮನೆಗಳ ಕಡ್ಡಾಯ ನಿಯಮವಿದೆ, ಬಿಲ್ಲಿನ ರಿಯಾಯಿತಿಯಿದೆ. ಜೊತೆಗೆ ಪಕ್ಕದ ತಾರಸಿಯೂ ಇದೆ ಎಂದು ನನ್ನ ಅಂದಾಜು.

‘ಹಸಿರು’ ಎಂಬ ಹೆಸರೇ ಕೆಲವೊಮ್ಮೆ ವ್ಯಾಪಾರ ಕೆಡಿಸುತ್ತದೆ. ಅಮೆರಿಕದ ಸಂಶೋಧಕರು 2010ರಲ್ಲಿ ತೋರಿಸಿದಂತೆ, ಮಗುವಿನ ಶಾಂಪೂ ಪರಿಸರಸ್ನೇಹಿ ಎಂದರೆ ಗ್ರಾಹಕರಿಗೆ ಇಷ್ಟ; ಕಾರು ತೊಳೆಯುವ ಶಾಂಪೂ ಹಾಗೆಂದರೆ ಹಿಂಜರಿಕೆ. ಹಸಿರು ಎಂದರೆ ಮೃದು, ಮೃದು ಎಂದರೆ ದುರ್ಬಲ ಎಂಬ ಲೆಕ್ಕ. ನಮ್ಮಲ್ಲೂ ರೇಷ್ಮೆ ಸೀರೆಗೆ ಅಂಟುವಾಳ ಒಪ್ಪುವವರು ಬಚ್ಚಲಿಗೆ ಆಸಿಡ್ಡೇ ಆಗಬೇಕೆನ್ನುತ್ತಾರೆ. ಇಂಥ ಸರಕು ಮಾರುವವರು ಮೊದಲು ‘ಚೆನ್ನಾಗಿ ಕೆಲಸ ಮಾಡುತ್ತದೆ’ ಎಂದು ತೋರಿಸಿ, ಹಸಿರಿನ ಮಾತನ್ನು ಆಮೇಲೆ ಎತ್ತುವುದು ಜಾಣತನ.

ಕೊನೆಯದು ನಂಬಿಕೆ. ಪೊಟ್ಟಣದ ಮೇಲೆ ಎಲೆಯ ಚಿತ್ರ ಬರೆಯಲು ಖರ್ಚೇನೂ ಇಲ್ಲ. ಫ್ರಿಜ್ಜಿನ ನಕ್ಷತ್ರಗಳ ಹಿಂದೆ ಅಳೆದ ಅಂಕಿಯಿರುತ್ತದೆ, ಎಲೆಯ ಹಿಂದೆ ಏನೂ ಇಲ್ಲದಿರಬಹುದು. ‘ಪರಿಸರಸ್ನೇಹಿ’ ಎಂದು ಹೇಳಿಕೊಳ್ಳುವ ಕಂಪನಿ ಅದಕ್ಕೆ ಆಧಾರ ಒದಗಿಸಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇನ್ನು ಎಲೆಯ ಚಿತ್ರ ಕಂಡರೆ ಪೊಟ್ಟಣ ತಿರುಗಿಸಿ, ಆಧಾರ ಏನು ಬರೆದಿದ್ದಾರೆ ನೋಡಿ. ಬರೆಯದಿದ್ದರೆ ಕಂಪನಿಯನ್ನೇ ಕೇಳಿ.