ಕಾಣೆಯಾದ ಹೆಜ್ಜೆಯ ಬೆನ್ನುಹತ್ತಿ

ಹುಟ್ಟಿ ನಾಲ್ಕು ದಿನವಾದ ಕೂಸನ್ನು ಮಕ್ಕಳ ಡಾಕ್ಟರು ಕತ್ತು ಜೋಪಾನ ಮಾಡಿ ಎತ್ತಿ, ಅಂಗಾಲು ಮೇಜಿಗೆ ತಾಗಿಸುತ್ತಾರೆ. ಕೂಸು ಒಂದು ಕಾಲೆತ್ತಿ ಮುಂದಿಡುತ್ತದೆ, ಆಮೇಲೆ ಇನ್ನೊಂದು. ನೋಡುತ್ತಿದ್ದ ಅಜ್ಜಿಗೆ ಮೊಮ್ಮಗು ನಡೆದೇಬಿಟ್ಟಿತೆಂಬ ಸಂಭ್ರಮ. ಎರಡು ತಿಂಗಳಾಗುವಷ್ಟರಲ್ಲಿ ಆ ಹೆಜ್ಜೆ ಮಾಯ. ನಿಜವಾಗಿ ನಡೆಯಲು ಸುಮಾರು ಒಂದು ವರ್ಷ ಕಾಯಬೇಕು. ಹಾಗಾದರೆ ಆ ಹೆಜ್ಜೆ ಹೋದದ್ದೆಲ್ಲಿಗೆ?

1930ರ ದಶಕದ ಅಮೆರಿಕದಲ್ಲಿ ಆರ್ನಾಲ್ಡ್ ಗೆಸೆಲ್, ಮರ್ಟಲ್ ಮೆಕ್‌ಗ್ರಾ ಮುಂತಾದ ಮಕ್ಕಳ ಬೆಳವಣಿಗೆಯ ಸಂಶೋಧಕರು ಕೊಟ್ಟ ಉತ್ತರ ಮಿದುಳಿನದು. ಮಿದುಳಿನ ಮೇಲ್ಪದರ ಮಾಗುತ್ತಾ ಹುಟ್ಟುಚಲನೆಯನ್ನು ಅದುಮುತ್ತದೆ, ಪೂರ್ತಿ ಮಾಗಿದ ಮೇಲೆ ನಡಿಗೆಯನ್ನು ತಾನೇ ಆಳುತ್ತದೆ ಎಂದು. ಮೆಕ್‌ಗ್ರಾ ಅವಳಿ ಮಕ್ಕಳಲ್ಲಿ ಒಬ್ಬನನ್ನು ಮಾತ್ರ ಪಳಗಿಸಿದರು. ವರ್ಷ ದಾಟುತ್ತಲೇ ಆ ಪೋರ ಚಕ್ರದ ಸ್ಕೇಟ್ ಮೇಲೆ ಓಡಾಡಿದ. ನಡಿಗೆಯನ್ನು ಮಾತ್ರ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಲಿತರು. ಹಾಗಾಗಿ ಮಿದುಳಿನ ಉತ್ತರವೇ ಪಠ್ಯಪುಸ್ತಕ ಸೇರಿ ದಶಕಗಳ ಕಾಲ ಭದ್ರವಾಗಿ ಕೂತಿತು.

1972ರಲ್ಲಿ ಫಿಲಿಪ್ ಝೆಲಾಜೊ ಮತ್ತು ಸಂಗಡಿಗರು ಅದಕ್ಕೊಂದು ಬಿರುಕು ತೋರಿಸಿದರು. ದಿನಕ್ಕೆ ಕೆಲವೇ ನಿಮಿಷ ಹೆಜ್ಜೆ ಹಾಕಿಸಿದ ಕೂಸುಗಳಲ್ಲಿ ಆ ಚಲನೆ ಮಾಯವಾಗಲಿಲ್ಲ. ಮಿದುಳೇ ಅದುಮುತ್ತಿದ್ದರೆ ಇದು ಹೇಗೆ ಸಾಧ್ಯ?

ಬಿರುಕಿಗೆ ಬೆಳಕು ಬಿಟ್ಟವರು ಎಸ್ತರ್ ಥೆಲೆನ್. ಆಕೆ ಬಂದದ್ದು ಪ್ರಾಣಿಶಾಸ್ತ್ರದ ಕಡೆಯಿಂದ. ಕಣಜಗಳು ಮೈ ಉಜ್ಜಿಕೊಳ್ಳುವ ಬಗೆಯನ್ನು ನೋಡಿ ಪಳಗಿದ ಕಣ್ಣು. ಅಂಗಾತ ಮಲಗಿದ ಕೂಸು ಕಾಲು ಬಡಿಯುವುದನ್ನು ಆ ಕಣ್ಣು ಗಮನಿಸಿತು. 1982ರಲ್ಲಿ ಥೆಲೆನ್ ಮತ್ತು ಸಹಸಂಶೋಧಕಿ ಫಿಶರ್ ಅಳೆದು ನೋಡಿದರೆ, ಕಾಲು ಬಡಿತಕ್ಕೂ ಕಾಣೆಯಾದ ಹೆಜ್ಜೆಗೂ ಲಯ ಒಂದೇ. ಹೆಜ್ಜೆ ನಿಂತರೂ ಬಡಿತ ನಿಲ್ಲುವುದಿಲ್ಲ. ಮಲಗಿದಾಗ ಇರುವ ಚಲನೆಯನ್ನು ಎತ್ತಿ ಹಿಡಿದಾಗ ಮಾತ್ರ ಮಿದುಳು ಏಕೆ ಅದುಮೀತು?

ಉತ್ತರ ತೊಡೆಯಲ್ಲಿತ್ತು. ಮೊದಲ ತಿಂಗಳುಗಳಲ್ಲಿ ಕೂಸು ಗುಂಡುಗುಂಡಾಗುತ್ತದೆ. ಸ್ನಾಯು ಬಲಿಯುವುದಕ್ಕಿಂತ ಬೇಗ ಕೊಬ್ಬು ಕೂಡುತ್ತದೆ. ನಾವು ಕೆನ್ನೆ ಹಿಂಡಿ ಮುದ್ದಿಸುವ ಅದೇ ಕೊಬ್ಬು, ಕೂಸನ್ನು ನೆಟ್ಟಗೆ ಹಿಡಿದಾಗ, ಕಾಲನ್ನು ಎತ್ತಲಾರದಷ್ಟು ಭಾರ ಮಾಡುತ್ತದೆ. 1984ರಲ್ಲಿ ಥೆಲೆನ್ ತಂಡ ಮಾಡಿದ ಪರೀಕ್ಷೆ ಎಷ್ಟು ಸರಳವೆಂದರೆ ಇಷ್ಟು ದಿನ ಯಾರಿಗೂ ಏಕೆ ಹೊಳೆಯಲಿಲ್ಲವೋ ಅನ್ನಿಸುತ್ತದೆ. ಕೂಸಿನ ಕಾಲಿಗೆ ಸಣ್ಣ ತೂಕ ಕಟ್ಟಿದರೆ ಹೆಜ್ಜೆ ಕಡಿಮೆಯಾಯಿತು. ಕಾಲನ್ನು ನೀರಿನಲ್ಲಿ ಇಳಿಬಿಟ್ಟರೆ ಭಾರ ತಗ್ಗಿ ಹೆಜ್ಜೆ ಹೆಚ್ಚಿತು. ಎರಡು ವರ್ಷದ ನಂತರ ಏಳು ತಿಂಗಳ ಮಕ್ಕಳನ್ನು ನಿಧಾನ ಚಲಿಸುವ ಟ್ರೆಡ್‌ಮಿಲ್ ಮೇಲೆ ಎತ್ತಿ ಹಿಡಿದಾಗ, ನೆಲದ ಮೇಲೆ ಹೆಜ್ಜೆ ಹಾಕದಿದ್ದ ಅವು ಒಂದಾದ ಮೇಲೊಂದು ಕಾಲಿಟ್ಟವು.

ಅಲ್ಲಿಗೆ ನಡಿಗೆ ಮಿದುಳೊಬ್ಬನ ಅಪ್ಪಣೆಯಾಗಿ ಉಳಿಯಲಿಲ್ಲ. ಕಾಲಿನ ತೂಕ, ಸ್ನಾಯುವಿನ ಕಸುವು, ನೆಲ, ಮನೆಯವರ ಕೈ ಎಲ್ಲಕ್ಕೂ ಅದರಲ್ಲಿ ಪಾಲು ಬಂತು. ಮನೆಯವರ ಕೈ ಎಂದದ್ದು ಬರಿ ಮಾತಿಗಲ್ಲ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಮಕ್ಕಳಿಗೆ ಕೂರುವುದನ್ನೂ ನಡೆಯುವುದನ್ನೂ ಪಾಠದಂತೆ ಕಲಿಸುತ್ತಾರೆ. ಆ ಮಕ್ಕಳು ಇವನ್ನು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂಚೆ ಕಲಿಯುತ್ತವೆಂದು ಸಂಶೋಧಕ ಚಾರ್ಲ್ಸ್ ಸೂಪರ್ 1976ರಲ್ಲೇ ಬರೆದಿದ್ದರು. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವ ನಮ್ಮ ಬಾಣಂತಿ ಮನೆಯ ಹೆಂಗಸರಿಗೆ ಇದು ಸುದ್ದಿಯೇ ಅಲ್ಲ.

ಇನ್ನೊಂದು ಒಗಟು ಉಳಿದಿತ್ತು. ಸರಾಗವಾಗಿ ಅಂಬೆಗಾಲಿಡುವ ಮಗು ಅದನ್ನು ಬಿಟ್ಟು ಬೀಳುವ ನಡಿಗೆಗೆ ಏಕೆ ಇಳಿಯುತ್ತದೆ? ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ಮತ್ತು ತಂಡ ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಟ್ಟು ಎಣಿಸಿತು. 2012ರ ಆ ಲೆಕ್ಕದಲ್ಲಿ 12ರಿಂದ 19 ತಿಂಗಳ ನಡೆಯುವ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬಿದ್ದವು. ಹೊಸದಾಗಿ ನಡೆಯುವವು ಅಂಬೆಗಾಲಿಡುವವುಗಳಿಗಿಂತ ಹೆಚ್ಚು ದೂರ, ಹೆಚ್ಚು ವೇಗವಾಗಿ ಹೋಗಿದ್ದವು. ಓಡಾಟಕ್ಕೆ ತಾಳೆ ಹಾಕಿ ನೋಡಿದರೆ, ಬೀಳುವುದರಲ್ಲಿ ಎರಡೂ ಗುಂಪು ಸಮಸಮ.