ಮಕ್ಕಳ ಮ್ಯೂಸಿಯಂ: ಊರವರೇ ಸೇರಿ ಕಟ್ಟುವುದು ಹೇಗೆ?

ಮ್ಯೂಸಿಯಂ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಗಾಜಿನ ಪೆಟ್ಟಿಗೆ ಮತ್ತು ಅದರ ಮೇಲಿನ 'ಮುಟ್ಟಬೇಡಿ' ಎಂಬ ಚೀಟಿ. ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ಒಳಗೆ ಹೋಗಿ ಸಾಲಾಗಿಯೇ ಹೊರಗೆ ಬರುತ್ತಾರೆ. ಮಕ್ಕಳ ಮ್ಯೂಸಿಯಂ ಇದಕ್ಕೆ ತದ್ವಿರುದ್ಧ. ಅಲ್ಲಿ ಮುಟ್ಟಬೇಕು, ತಿರುಗಿಸಿ ನೋಡಬೇಕು, ಪ್ರಶ್ನೆ ಕೇಳಬೇಕು. ಇದಕ್ಕೆ ದೊಡ್ಡ ಪಟ್ಟಣವೋ ಕೋಟಿಗಟ್ಟಲೆ ಹಣವೋ ಬೇಕೆಂದಿಲ್ಲ. ಇಂದು ಜಗತ್ತಿನಲ್ಲೇ ದೊಡ್ಡದೆನಿಸಿದ ಮಕ್ಕಳ ಮ್ಯೂಸಿಯಂ ಶುರುವಾದದ್ದು ಕುದುರೆಗಾಡಿ ನಿಲ್ಲಿಸುವ ಕೊಟ್ಟಿಗೆಯಲ್ಲಿ.

ಎಲ್ಲಿ ಆರಂಭ?

ಮಕ್ಕಳಿಗಾಗಿಯೇ ಮೀಸಲಾದ ಮೊದಲ ಮ್ಯೂಸಿಯಂ ತೆರೆದದ್ದು ಅಮೆರಿಕದ ಬ್ರೂಕ್ಲಿನ್‌ನಲ್ಲಿ, 1899ರ ಡಿಸೆಂಬರ್ 16ರಂದು. ಅದಕ್ಕಾಗಿ ಹೊಸ ಕಟ್ಟಡ ಕಟ್ಟಲಿಲ್ಲ, ಉದ್ಯಾನದಲ್ಲಿದ್ದ ಹಳೆಯ ಮನೆಯೊಂದನ್ನು ಬಳಸಿಕೊಂಡರು. 1902ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಆನಾ ಬಿಲ್ಲಿಂಗ್ಸ್ ಗ್ಯಾಲಪ್ ಎಂಬ ಮಹಿಳೆ 1937ರವರೆಗೂ ಅದನ್ನು ಬೆಳೆಸಿದರು. ಮ್ಯೂಸಿಯಂ ತನ್ನದು ಎಂದು ಮಗುವಿಗೆ ಅನ್ನಿಸಬೇಕು ಎಂಬುದೇ ಅವರ ಕೆಲಸದ ಮೂಲ.

1913ರಲ್ಲಿ ಬಾಸ್ಟನ್ ನಗರದಲ್ಲಿ ಎರಡನೆಯದು ತೆರೆಯಿತು. ಇದನ್ನು ಕಟ್ಟಿದವರು ವಿಜ್ಞಾನ ಶಿಕ್ಷಕರು. ಪಾಠಕ್ಕೆ ಬೇಕಾದ ವಸ್ತುಗಳನ್ನು ಒಟ್ಟುಗೂಡಿಸಿ ಹಂಚಿಕೊಳ್ಳುವುದು ಅವರ ಉದ್ದೇಶವಾಗಿತ್ತು. 1962ರಲ್ಲಿ ಇದರ ನಿರ್ದೇಶಕರಾದ ಮೈಕೆಲ್ ಸ್ಪಾಕ್, ದಿನಬಳಕೆಯ ವಸ್ತುಗಳನ್ನು ಕೊಯ್ದು ಒಳಗೇನಿದೆ ಎಂದು ತೋರಿಸುವ ಪ್ರದರ್ಶನ ಇಟ್ಟರು. ಗಾಜಿನ ಪೆಟ್ಟಿಗೆಯಿಂದ ವಸ್ತು ಹೊರಬಂದು ಮಗುವಿನ ಕೈಗೆ ಸೇರಿತು. ಈ ಪದ್ಧತಿ ಮುಂದೆ ಎಲ್ಲೆಡೆ ಹರಡಿತು.

ಊರವರ ಪಾಲಿಗೆ ಹೆಚ್ಚು ಪಾಠ ಕಲಿಸುವುದು ಇಂಡಿಯಾನಾಪೊಲಿಸ್‌ನ ಕಥೆ. ಮೇರಿ ಸ್ಟೂವರ್ಟ್ ಕೇರಿ ಎಂಬವರು 1924ರಲ್ಲಿ ಬ್ರೂಕ್ಲಿನ್‌ಗೆ ಹೋಗಿ ಅಲ್ಲಿನ ಮ್ಯೂಸಿಯಂ ನೋಡಿದರು. ತಮ್ಮ ಊರಿನಲ್ಲೂ ಇಂಥದ್ದು ಆಗಬೇಕೆಂದು ಹಲವರನ್ನು ಸೇರಿಸಿ 1925ರಲ್ಲಿ ಕೆಲಸ ಶುರುಮಾಡಿದರು. ಮೊದಲ ಜಾಗವೇ ಆ ಗಾಡಿ ಕೊಟ್ಟಿಗೆ. ಮೊದಲ ವಸ್ತುಗಳನ್ನು ತಂದುಕೊಟ್ಟವರು ಶಾಲಾ ಮಕ್ಕಳು. ಬಳಿಕ ಕೇರಿ ಅವರು ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. 1946ರಲ್ಲಿ ಮತ್ತೊಂದು ದೊಡ್ಡ ಮನೆಗೆ ಸ್ಥಳಾಂತರವಾಯಿತು. ಹೊಸ ಕಟ್ಟಡ ಎದ್ದದ್ದು 1976ರಲ್ಲಿ, ಅಂದರೆ ಆರಂಭವಾಗಿ 51 ವರ್ಷಗಳ ಮೇಲೆ. ಮೊದಲು ವಸ್ತು ಮತ್ತು ಮಕ್ಕಳು, ಆಮೇಲೆ ಕಟ್ಟಡ: ಇದೇ ಅಲ್ಲಿನ ಕ್ರಮ.

ನಮ್ಮ ದೇಶದಲ್ಲಿ

ಭಾರತದಲ್ಲಿ 1956ರಲ್ಲಿ ದೆಹಲಿಯ ಬಾಲಭವನ ಆರಂಭವಾಯಿತು. ಕಾಯಂಕುಳಂ ಮೂಲದ ವ್ಯಂಗ್ಯಚಿತ್ರಕಾರ ಶಂಕರ್ ಅವರು ದೆಹಲಿಯಲ್ಲಿ ಕಟ್ಟಿದ ಗೊಂಬೆಗಳ ಮ್ಯೂಸಿಯಂ 1965ರದು. ಹಂಗೇರಿಯ ರಾಯಭಾರಿ ಕೊಟ್ಟ ಒಂದು ಗೊಂಬೆ ಅದಕ್ಕೆ ಪ್ರೇರಣೆ. ಕೋಲ್ಕತ್ತಾದ ನೆಹರೂ ಮಕ್ಕಳ ಮ್ಯೂಸಿಯಂ 1972ರಲ್ಲಿ ತೆರೆಯಿತು. ಅಲ್ಲಿ ರಾಮಾಯಣ, ಮಹಾಭಾರತದ ಕಥೆಗಳನ್ನು ಮಣ್ಣಿನ ಗೊಂಬೆಗಳಲ್ಲಿ ತೋರಿಸಿದ್ದಾರೆ. ಇವೆಲ್ಲ ಮಹಾನಗರಗಳಲ್ಲಿವೆ. ಹಳ್ಳಿಯ ಮಗು ಒಂದು ಬಾರಿ ನೋಡಿದರೆ ಹೆಚ್ಚು.

ಗಡಿಯಲ್ಲಿ ಯಾಕೆ ಬೇಕು?

1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಮತ್ತು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅನೇಕ ಕನ್ನಡ ಊರುಗಳು ಕರ್ನಾಟಕದ ಹೊರಗೆ ಉಳಿದವು. ಅಲ್ಲಿನ ಮಗು ಮನೆಯಲ್ಲಿ ಒಂದು ಭಾಷೆ, ಶಾಲೆ ಮತ್ತು ಕಚೇರಿಯಲ್ಲಿ ಇನ್ನೊಂದು ಭಾಷೆ ಕೇಳುತ್ತಾ ಬೆಳೆಯುತ್ತದೆ. ಪಠ್ಯಪುಸ್ತಕ ಬರುವುದು ದೂರದ ರಾಜಧಾನಿಯಿಂದ. ಅದರಲ್ಲಿ ಸ್ವಂತ ಊರಿನ ಸಂಗತಿ ಸಿಗುವುದು ಅಪರೂಪ.

ಇತ್ತ ಮನೆಯ ಅಟ್ಟದ ವಸ್ತುಗಳು ಗುಜರಿಗೆ ಹೋಗುತ್ತಿವೆ. ಸೇರು, ಪಾವು, ಕೂರಿಗೆ, ಒನಕೆ, ಬೀಸುಕಲ್ಲು, ಅಡಿಕೆ ಹಾಳೆಯ ಮುಟ್ಟಾಳೆ ಒಂದೊಂದಾಗಿ ಬಳಕೆ ತಪ್ಪಿವೆ. ವಸ್ತು ಹೋದರೆ ಅದರ ಹೆಸರೂ ಹೋಗುತ್ತದೆ. ಕೂರಿಗೆಯನ್ನೇ ಕಾಣದ ಮಗುವಿಗೆ 'ಕೂರಿಗೆ' ಎಂಬ ಮಾತು ನಿಘಂಟಿನ ಪದವಷ್ಟೇ.

ಗಡಿ ಊರಿಗೆ ಬೇರೆಡೆ ಇಲ್ಲದ ಸಂಪತ್ತೊಂದಿದೆ. ಮೊರ ಎಂಬ ಒಂದೇ ವಸ್ತುವನ್ನು ನೋಡಿ. ಕನ್ನಡದಲ್ಲಿ ಮೊರ, ತಮಿಳು ಮತ್ತು ಮಲಯಾಳದಲ್ಲಿ ಮುರಂ, ತೆಲುಗಿನಲ್ಲಿ ಚೇಟ, ಮರಾಠಿಯಲ್ಲಿ ಸೂಪ, ತುಳುವಿನಲ್ಲಿ ತಡ್ಪೆ. ಈ ಹೆಸರುಗಳನ್ನು ಒಂದೇ ಚೀಟಿಯಲ್ಲಿ ಬರೆದರೆ ಯಾವ ಮನೆಯ ಮಗುವೂ ಹೊರಗಿನದಾಗುವುದಿಲ್ಲ. ಮೊರ ಮತ್ತು ಮುರಂ ಅಕ್ಕತಂಗಿಯರು ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಕಟ್ಟುವ ಕ್ರಮ

ಜಾಗ: ಒಂದು ಕೊಠಡಿ ಸಾಕು. ಗ್ರಂಥಾಲಯದ ಮೂಲೆ, ಯುವಕ ಮಂಡಲದ ಕಟ್ಟಡ, ಮಕ್ಕಳು ಕಡಿಮೆಯಾಗಿ ಖಾಲಿ ಬಿದ್ದ ಶಾಲಾ ಕೋಣೆ ಯಾವುದಾದರೂ ಆದೀತು. ಆದರೆ ಕಟ್ಟಡದ ಒಡೆತನ ಯಾರದೋ ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಮಾತಿನ ಒಪ್ಪಿಗೆ ಅಧಿಕಾರಿ ಅಥವಾ ಮ್ಯಾನೇಜರ್ ಬದಲಾದ ಕೂಡಲೇ ಮುಗಿಯುತ್ತದೆ. ಮಳೆ ಸೋರದ, ಗೆದ್ದಲು ಹತ್ತದ ಕೋಣೆಯಾಗಿರಲಿ.

ಸಂಘ: ಕನಿಷ್ಠ 7 ಮಂದಿ ಸೇರಿ ಸಂಘ ನೋಂದಾಯಿಸಬಹುದು. ಕಾಸರಗೋಡು, ವಯನಾಡು ಸೇರಿದ ಮಲಬಾರ್ ಭಾಗದಲ್ಲಿ ಹಾಗೂ ಮಹಾರಾಷ್ಟ್ರದಲ್ಲಿ 1860ರ ಸಂಘಗಳ ಕಾಯ್ದೆ, ತಮಿಳುನಾಡಿನಲ್ಲಿ 1975ರ ಕಾಯ್ದೆ, ಆಂಧ್ರ ಮತ್ತು ತೆಲಂಗಾಣದಲ್ಲಿ 2001ರ ಕಾಯ್ದೆ ಅನ್ವಯವಾಗುತ್ತದೆ. ಸಂಘದಲ್ಲಿ ಶಿಕ್ಷಕರು, ಹಿರಿಯರು, ಮಹಿಳೆಯರು ಇರಬೇಕು. ಎರಡೂ ಭಾಷೆಯವರು ಇದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ದಾಖಲೆ ಪುಸ್ತಕ: ಮ್ಯೂಸಿಯಂನ ಬೆನ್ನೆಲುಬು ಇದೇ. ಕ್ರಮಸಂಖ್ಯೆ, ವಸ್ತುವಿನ ಹೆಸರು, ಕೊಟ್ಟವರು, ಬಂದ ದಿನಾಂಕ, ಬಳಸುತ್ತಿದ್ದ ರೀತಿ ಇವನ್ನು ಬರೆಯಬೇಕು. ಕಾಯಂ ಕೊಟ್ಟದ್ದೋ, ತಾತ್ಕಾಲಿಕವೋ ಎಂದು ಸಹಿ ಹಾಕಿಸಬೇಕು. ಇಲ್ಲದಿದ್ದರೆ ಹತ್ತು ವರ್ಷದ ಬಳಿಕ ಜಗಳ ಖಂಡಿತ. ಸಂಖ್ಯೆಯನ್ನು ವಸ್ತುವಿನ ಮೇಲೆ ಪೇಂಟಿನಲ್ಲಿ ಬರೆಯದೆ ನೂಲಿನಿಂದ ಚೀಟಿ ಕಟ್ಟುವುದು ಒಳ್ಳೆಯದು.

ಮುಟ್ಟುವುದು, ನೋಡುವುದು: ವಸ್ತುಗಳನ್ನು ಎರಡು ಪಾಲು ಮಾಡಿ. ಒಂದಕ್ಕಿಂತ ಹೆಚ್ಚು ಸಿಗುವ, ಗಟ್ಟಿಯಾದ ವಸ್ತುಗಳು ಮಕ್ಕಳ ಕೈಗೆ. ಬೀಸುಕಲ್ಲಿನಲ್ಲಿ ಒಂದು ಹಿಡಿ ರಾಗಿ ಬೀಸಲಿ, ಸೇರಿನಲ್ಲಿ ಅಕ್ಕಿ ಅಳೆಯಲಿ, ಎಷ್ಟು ಪಾವಿಗೆ ಒಂದು ಸೇರು ಎಂದು ತಾವೇ ಲೆಕ್ಕ ಹಾಕಲಿ. ಓಲೆಗರಿ, ಹಳೆಯ ಪತ್ರ, ಬಟ್ಟೆಯಂಥವು ಮಾತ್ರ ಗಾಜಿನೊಳಗೆ. ಮನೆತನದ ದಾಖಲೆಗಳ ಫೋಟೊ ತೆಗೆದು ಮೂಲವನ್ನು ಮನೆಯವರಿಗೇ ಹಿಂದಿರುಗಿಸಬಹುದು. ಚೀಟಿಗಳು ಮಗುವಿನ ಕಣ್ಣಿನ ಎತ್ತರದಲ್ಲಿರಲಿ. ಮಕ್ಕಳು ಮುಟ್ಟುವ ವಸ್ತುಗಳಿಗೆ ಕೀಟನಾಶಕ ಸಿಂಪಡಿಸಬಾರದು. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಗಾಳಿಯಾಡುವಂತೆ ಇಟ್ಟರೆ ಹೆಚ್ಚಿನವು ಬಾಳುತ್ತವೆ.

ಕಾನೂನಿನ ಎಚ್ಚರ

ಉತ್ಸಾಹದಲ್ಲಿ ಬಂದದ್ದನ್ನೆಲ್ಲ ಸ್ವೀಕರಿಸುವಂತಿಲ್ಲ. ಹುಲಿಯುಗುರು, ಜಿಂಕೆ ಕೊಂಬು, ಆನೆದಂತ, ಕಾಡುಪ್ರಾಣಿಯ ಚರ್ಮ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 'ಅಜ್ಜನ ಕಾಲದ್ದು' ಎಂದರೂ ನಯವಾಗಿ ಬೇಡ ಎನ್ನಬೇಕು. ಮಣ್ಣು ಅಗೆಯುವಾಗ ಸಿಕ್ಕಿದ ನಾಣ್ಯ, ವಿಗ್ರಹಗಳ ಬೆಲೆ 10 ರೂಪಾಯಿ ಮೀರಿದರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮುಂತಾದ ಕೆಲವು ಬಗೆಯ ಪುರಾತನ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೋಂದಾಯಿಸಬೇಕಾಗುತ್ತದೆ.

ಬೀಗ ತೆಗೆಯುವವರು ಯಾರು?

ಉದ್ಘಾಟನೆಗೆ ಜನ ಸೇರುತ್ತಾರೆ, ಫೋಟೊ ಬರುತ್ತದೆ. ಆರು ತಿಂಗಳ ಬಳಿಕ ಕೀಲಿಕೈ ಯಾರಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಸಣ್ಣ ಮ್ಯೂಸಿಯಂಗಳಿಗೆ ಹಣದ ಕೊರತೆಗಿಂತ ಇದೇ ದೊಡ್ಡ ಅಪಾಯ. ದಿನವೂ ತೆರೆಯಲಾಗದಿದ್ದರೆ ಭಾನುವಾರ ಎರಡು ಗಂಟೆ ತೆರೆದರೂ ಸಾಕು, ಆದರೆ ತಪ್ಪಬಾರದು. ಏಳು, ಎಂಟನೇ ತರಗತಿಯ ಮಕ್ಕಳಿಗೇ ಸರದಿಯಂತೆ ವಿವರಿಸುವ ಕೆಲಸ ಕೊಡಬಹುದು. ಎರಡು ಭಾಷೆ ಬಲ್ಲ ಮಗುವಿಗಿಂತ ಒಳ್ಳೆಯ ಗೈಡ್ ಸಿಗುವುದಿಲ್ಲ. ಬಾಸ್ಟನ್‌ನವರು ಶಾಲೆಗಳಿಗೆ ವಸ್ತುಗಳ ಪೆಟ್ಟಿಗೆ ಎರವಲು ಕೊಟ್ಟಂತೆ, ನೆರೆಯ ಶಾಲೆಗೆ ವಾರಕ್ಕೊಂದು ಪೆಟ್ಟಿಗೆ ಕಳಿಸಿದರೆ ಕೋಣೆಗೆ ಬರಲಾಗದ ಮಕ್ಕಳಿಗೂ ಅದು ತಲುಪುತ್ತದೆ.

ಇಷ್ಟಕ್ಕೂ ಧೈರ್ಯ ಬಾರದವರು ಮೊದಲು ಒಂದು ದಿನದ ಪ್ರದರ್ಶನ ಮಾಡಿ ನೋಡಬಹುದು. ಮೇ 18 ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ನವೆಂಬರ್ 14 ಮಕ್ಕಳ ದಿನ. ಪ್ರತಿ ಮಗುವೂ ಮನೆಯಿಂದ ಒಂದು ವಸ್ತು ತರಲಿ, ಅದರ ಹೆಸರು ಮತ್ತು ಉಪಯೋಗವನ್ನು ಅಜ್ಜಿಯನ್ನು ಕೇಳಿ ಬರೆದು ತರಲಿ. ಆ ದಿನ ಸಂಜೆ ಯಾವ್ಯಾವ ಮನೆಯವರು 'ಇದು ಇಲ್ಲೇ ಇರಲಿ' ಎನ್ನುತ್ತಾರೋ ಅಲ್ಲಿಂದಲೇ ದಾಖಲೆ ಪುಸ್ತಕದ ಮೊದಲ ಪುಟ ಶುರುವಾಗುತ್ತದೆ.