ಎಪ್ಪತ್ತು ವರ್ಷ ಕಾದ ಸಮಾಧಿ

ಕೊರಿಯಾದ ಯುದ್ಧಕೈದಿಗಳ ಶಿಬಿರದಲ್ಲಿ ಪ್ರಾಣ ಬಿಟ್ಟ ಸೇನಾ ಪಾದ್ರಿಯೊಬ್ಬರನ್ನು ಜತೆಗಿದ್ದ ಸೈನಿಕರು ಮರೆಯಲಿಲ್ಲ. ಹೊರನಾಡಿನಲ್ಲಿ ಮಡಿದ ತನ್ನವರನ್ನು ನೆನೆಯಬೇಕಾದ ಕೆಜಿಎಫ್‌ಗೆ ಆ ಕಥೆಯಲ್ಲಿ ಕಲಿಯುವುದಿದೆ.

ನವೆಂಬರ್ 2 ಹತ್ತಿರವಾಯಿತೆಂದರೆ ಬಂಗಾರಪೇಟೆ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಸುತ್ತಲಿನ ಕ್ರೈಸ್ತ ಸ್ಮಶಾನಗಳಿಗೆ ಜೀವ ಬರುತ್ತದೆ. ಮಳೆಗಾಲದಲ್ಲಿ ಬೆಳೆದು ನಿಂತ ಹುಲ್ಲನ್ನು ಕುಡುಗೋಲಿನಿಂದ ಸವರುತ್ತಾರೆ. ಗೋರಿಗೆ ಸುಣ್ಣ ಬಳಿಯುತ್ತಾರೆ. ಕಲ್ಲಿನ ಮೇಲಿನ ಹೆಸರು ಮಾಸಿದ್ದರೆ ಕರಿ ಬಣ್ಣ ಅದ್ದಿ ಅಕ್ಷರ ತಿದ್ದುತ್ತಾರೆ. ಸಂಜೆಗೆ ಸೇವಂತಿಗೆ, ಚೆಂಡುಹೂ, ಊದುಬತ್ತಿ, ಮೇಣದಬತ್ತಿ. ತಮಿಳು ಮಾತಾಡುವ ಮನೆಗಳಲ್ಲಿ ಇದು ಕಲ್ಲರೈ ತಿರುನಾಳ್, ಕನ್ನಡ ಬಲಿಪೂಜೆಯಲ್ಲಿ ಸಕಲ ಮೃತರ ಸ್ಮರಣೆಯ ದಿನ.

ಆದರೆ ಸತ್ತವರ ಗೋರಿಯೇ ಈ ಮಣ್ಣಿನಲ್ಲಿ ಇಲ್ಲದಿದ್ದರೆ? ದೂರದ ದೇಶದಲ್ಲಿ ಮಡಿದು ಅಲ್ಲೇ ಮಣ್ಣಾದ ಮಗನಿಗೆ, ಅಣ್ಣನಿಗೆ, ಅಜ್ಜನಿಗೆ ದೀಪ ಹಚ್ಚುವುದೆಲ್ಲಿ? ಅಂಥವರ ಮನೆಯವರು ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿ, ಮನಸ್ಸಿನಲ್ಲೇ ಹೆಸರು ಹೇಳಿಕೊಂಡು ಹೋಗುತ್ತಾರೆ.

ಇಂಥ ದುಃಖವನ್ನು ಎಪ್ಪತ್ತು ವರ್ಷ ಹೊತ್ತ ಒಂದು ಕುಟುಂಬದ, ಒಂದು ಸೈನಿಕ ಬಳಗದ ಕಥೆ ಇದು. ಇದರ ನಾಯಕ ಅಮೆರಿಕ ಸೇನೆಯ ಪಾದ್ರಿ ಫಾದರ್ ಎಮಿಲ್ ಕಪಾನ್. ಅವರು ಶತ್ರುಗಳ ಕೈಗೆ ಸಿಕ್ಕಿದ್ದೂ ಒಂದು ನವೆಂಬರ್ 2ರಂದೇ, 1950ರಲ್ಲಿ.

ಬಂದೂಕು ಹಿಡಿಯದ ಅಧಿಕಾರಿ

ಸೈನ್ಯದಲ್ಲಿ ಪಾದ್ರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮ ಭಾರತೀಯ ಸೇನೆಯಲ್ಲೇ ಪಂಡಿತ, ಗ್ರಂಥಿ, ಮೌಲ್ವಿ, ಬೌದ್ಧ ಭಿಕ್ಷುಗಳ ಜತೆ ಪಾದ್ರಿಯ ಹುದ್ದೆಯೂ ಇದೆ. ಇವರನ್ನೆಲ್ಲ ಧರ್ಮಗುರುಗಳೆಂದು ಜೂನಿಯರ್ ಕಮಿಷನ್ಡ್ ಅಧಿಕಾರಿಯ ದರ್ಜೆಯಲ್ಲಿ, ನಾಯಬ್ ಸುಬೇದಾರ್ ಆಗಿ ಸೇರಿಸಿಕೊಳ್ಳುತ್ತಾರೆ. ಪ್ರಾರ್ಥನೆ ನಡೆಸುವುದು, ಆಸ್ಪತ್ರೆಯಲ್ಲಿರುವ ಜವಾನರ ಹಾಸಿಗೆಯ ಬಳಿ ಕೂರುವುದು, ಸತ್ತವರನ್ನು ಮಣ್ಣು ಮಾಡುವಾಗ ಕೊನೆಯ ಮಾತು ಹೇಳುವುದು ಇವರ ಹೊಣೆ. ಅಮೆರಿಕ, ಬ್ರಿಟನ್ ಸೇನೆಗಳಲ್ಲಿ ಇದೇ ಕೆಲಸಕ್ಕೆ ಚಾಪ್ಲಿನ್‌ಗಳಿದ್ದಾರೆ. ಅವರು ಬಂದೂಕು ಹಿಡಿದು ಹೋರಾಡುವವರಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ಶತ್ರುಗಳ ವಶವಾದರೂ ಅವರನ್ನು ಯುದ್ಧಕೈದಿಗಳೆಂದು ಎಣಿಸುವಂತಿಲ್ಲ, ಕೈದಿಗಳ ನಡುವೆ ಧರ್ಮಸೇವೆ ನಡೆಸಲು ಅವಕಾಶ ಕೊಡಬೇಕು.

ಕಾಗದದ ಮೇಲಿನ ಈ ರಕ್ಷಣೆಯಿಂದ ಸಾವು ತಪ್ಪುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪಾದ್ರಿ ಥಿಯೋಡರ್ ಬೇಲಿ ಹಾರ್ಡಿ ಗಾಯಾಳುಗಳನ್ನು ಗುಂಡಿನ ಮಳೆಯ ನಡುವಿನಿಂದ ಎಳೆದು ತಂದು ವಿಕ್ಟೋರಿಯಾ ಕ್ರಾಸ್ ಪಡೆದವರು. ಐವತ್ತು ದಾಟಿದ್ದ ಅವರನ್ನು ಸುರಕ್ಷಿತ ಜಾಗಕ್ಕೆ ಕರೆಸಿಕೊಳ್ಳುವ ಪ್ರಯತ್ನ ನಡೆದರೂ ಒಪ್ಪದೆ ಮುಂಚೂಣಿಯಲ್ಲೇ ಉಳಿದರು. ಯುದ್ಧ ಮುಗಿಯಲು ಒಂದು ತಿಂಗಳೂ ಇಲ್ಲದಿರುವಾಗ, 1918ರ ಅಕ್ಟೋಬರ್ 18ರಂದು ಗುಂಡೇಟಿನ ಗಾಯದಿಂದ ಫ್ರಾನ್ಸಿನಲ್ಲಿ ತೀರಿಕೊಂಡರು. ಈ ಶತಮಾನದಲ್ಲೂ, 2010ರ ಆಗಸ್ಟ್ 30ರಂದು, ಅಫ್ಗಾನಿಸ್ತಾನದಲ್ಲಿ ರಸ್ತೆಬದಿಯ ಬಾಂಬಿಗೆ ಅಮೆರಿಕದ ಚಾಪ್ಲಿನ್ ಡೇಲ್ ಗೆಟ್ಸ್ ಬಲಿಯಾದರು.

ಉನ್ಸಾನ್‌ನಿಂದ ಪ್ಯೋಕ್ತೋಂಗ್‌ಗೆ

ಎಮಿಲ್ ಕಪಾನ್ ಹುಟ್ಟಿದ್ದು 1916ರ ಏಪ್ರಿಲ್ 20ರಂದು, ಕಾನ್ಸಾಸ್ ರಾಜ್ಯದ ಪಿಲ್ಸೆನ್ ಎಂಬ ಹಳ್ಳಿಯಲ್ಲಿ. ಬೊಹೀಮಿಯಾ ಮೂಲದ ರೈತರ ಮಗ. 1940ರಲ್ಲಿ ಗುರುದೀಕ್ಷೆ ಪಡೆದು, 1944ರಲ್ಲಿ ಸೇನೆ ಸೇರಿದರು. ಅವರ ಮೊದಲ ಹೊರನಾಡು ಸೇವೆ ನಡೆದದ್ದು ನಮ್ಮ ಕಡೆಯೇ. 1945–46ರಲ್ಲಿ ಭಾರತ ಮತ್ತು ಬರ್ಮಾದಲ್ಲಿದ್ದ ಅಮೆರಿಕದ ತುಕಡಿಗಳಿಗೆ ಪೂಜೆ ಸಲ್ಲಿಸಲು ಜೀಪಿನಲ್ಲಿ, ವಿಮಾನದಲ್ಲಿ ಓಡಾಡಿದರು.

1950ರ ಜುಲೈನಲ್ಲಿ ಅವರ ದಳ ಕೊರಿಯಾಕ್ಕೆ ಬಂದಿಳಿಯಿತು. ಅಲ್ಲಿ ಜೀಪಿನ ಬಾನೆಟ್ಟೇ ಅವರ ಪೂಜಾಪೀಠ. ಜೀಪು ಹೋದಾಗ ಸೈಕಲ್ ಹಿಡಿದು ಒಂದು ಕಂದಕದಿಂದ ಇನ್ನೊಂದು ಕಂದಕಕ್ಕೆ ಹೋಗುತ್ತಿದ್ದರು. ನವೆಂಬರ್ 1, ಸಕಲ ಸಂತರ ಹಬ್ಬ. ಅಂದು ರಾತ್ರಿ ಉನ್ಸಾನ್ ಬಳಿ ಚೀನಾ ಪಡೆಗಳು ಮುತ್ತಿಗೆ ಹಾಕಿದವು. ತಪ್ಪಿಸಿಕೊಳ್ಳಲು ದಾರಿ ಇದ್ದವರಿಗೆ ಹೊರಡಿ ಎಂದು ಆದೇಶವಾಯಿತು. ಫಾದರ್ ಹೋಗಲಿಲ್ಲ. ಎದ್ದು ನಡೆಯಲಾಗದ ಗಾಯಾಳುಗಳ ಜತೆ ಉಳಿದುಕೊಂಡರು.

ಸೆರೆಯಾದ ಹೊತ್ತಿನ ಒಂದು ಘಟನೆಯನ್ನು ಬದುಕುಳಿದವರು ಮತ್ತೆ ಮತ್ತೆ ಹೇಳಿದ್ದಾರೆ. ಕಾಲಿನ ಗಂಟು ಮುರಿದು ಹಳ್ಳದಲ್ಲಿ ಬಿದ್ದಿದ್ದ ಸಾರ್ಜೆಂಟ್ ಹರ್ಬರ್ಟ್ ಮಿಲ್ಲರ್ ತಲೆಗೆ ಚೀನೀ ಸೈನಿಕನೊಬ್ಬ ಬಂದೂಕು ಗುರಿಯಿಟ್ಟಿದ್ದ. ಕಪಾನ್ ನಡೆದು ಬಂದು ಆ ಬಂದೂಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಮಿಲ್ಲರ್‌ನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು ಹೊರಟರು. ಬಂದೂಕು ಹಿಡಿದವನು ಗುಂಡು ಹಾರಿಸಲಿಲ್ಲ. ಉತ್ತರದ ಕಡೆಗಿನ ಆ ನಡಿಗೆಯಲ್ಲಿ ಮೈಲುಗಟ್ಟಲೆ ದಾರಿ ಹೊತ್ತೂ ಆನಿಸಿಕೊಂಡೂ ಅವನನ್ನು ಉಳಿಸಿದರು.

ಯಾಲು ನದಿ ದಡದ ಪ್ಯೋಕ್ತೋಂಗ್ ಶಿಬಿರದಲ್ಲಿ ಆ ಚಳಿಗಾಲ ಕೈದಿಗಳು ಹಸಿವು, ಭೇದಿ, ಚಳಿಗೆ ಸಿಕ್ಕಿ ಸಾಯುತ್ತಿದ್ದರು. ಅಲ್ಲಿ ಕಪಾನ್ ಮಾಡಿದ ಧರ್ಮಸೇವೆ ಏನು ಎಂದರೆ ಮೊದಲು ಹೇಳಬೇಕಾದದ್ದು ಒಂದು ಪಾತ್ರೆಯ ವಿಷಯ. ಬಾಂಬ್ ಬಿದ್ದ ಮನೆಗಳ ಛಾವಣಿಯಿಂದ ತಗಡು ಕಿತ್ತು ತಂದು, ಕಲ್ಲಿನಿಂದ ಬಡಿದು ಬಡಿದು, ಸೋರದಂತೆ ಅಂಚು ಮಡಿಸಿ ಪಾತ್ರೆ ಮಾಡಿದರು. ನಸುಕಿನಲ್ಲಿ ಎಲ್ಲರಿಗಿಂತ ಮೊದಲೆದ್ದು ಕಡ್ಡಿ ಕೂಡಿಸಿ, ಅದರಲ್ಲಿ ಹಿಮ ಕರಗಿಸಿ ನೀರು ಕಾಯಿಸಿ, ಮಲಗಿದ್ದವರ ಬಳಿಗೆ ಒಯ್ದು ಕುಡಿಸುತ್ತಿದ್ದರು. ಭೇದಿಯಾದವರ ಬಟ್ಟೆ ಒಗೆದರು. ಕೈ ಎತ್ತಲಾಗದವರ ಮೈಮೇಲಿನ ಹೇನು ತೆಗೆದರು. ರಾತ್ರಿ ಕಾವಲಿನ ಕಣ್ಣು ತಪ್ಪಿಸಿ ಉಗ್ರಾಣದಿಂದ ಜೋಳ, ಕಾಳು ಕದ್ದು ತಂದು ಹಂಚಿದರು. ಕದಿಯಲು ಹೋಗುವ ಮುಂಚೆ ಅವರು ಪ್ರಾರ್ಥಿಸುತ್ತಿದ್ದದ್ದು, ಯೇಸುವಿನ ಪಕ್ಕದ ಶಿಲುಬೆಯಲ್ಲಿ ಪಶ್ಚಾತ್ತಾಪಪಟ್ಟ ಕಳ್ಳ ಸಂತ ದಿಸ್ಮಾಸ್‌ನನ್ನು.

ಧರ್ಮಬೋಧನೆಗೆ ಶಿಬಿರದಲ್ಲಿ ತಡೆಯಿತ್ತು. ಆದರೂ 1951ರ ಮಾರ್ಚ್ 25ರಂದು, ಪಾಸ್ಕ ಹಬ್ಬದ ಮುಂಜಾನೆ, ಕಾವಲುಗಾರರ ಎದುರೇ ಪ್ರಾರ್ಥನೆ ನಡೆಸಿದರು. ಆಮೇಲೆ ಆರೋಗ್ಯ ಕೆಟ್ಟಿತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು, ಭೇದಿ ಹಿಡಿಯಿತು, ನ್ಯುಮೋನಿಯಾ ಬಂತು. ಕೈದಿಗಳು ಸಾವಿನ ಮನೆ ಎಂದು ಕರೆಯುತ್ತಿದ್ದ ಕಟ್ಟಡಕ್ಕೆ ಅವರನ್ನು ಹೊತ್ತೊಯ್ದರು. ಕಾವಲುಗಾರರನ್ನು ಕ್ಷಮಿಸು ಎಂದು ಪ್ರಾರ್ಥಿಸುತ್ತಲೇ ಕಪಾನ್ ಹೋದರೆಂದು ಕಂಡವರು ಹೇಳಿದ್ದಾರೆ. 1951ರ ಮೇ 23ರಂದು ತೀರಿಕೊಂಡರು. ವಯಸ್ಸು 35.

ಯೆಹೂದಿ ಪೈಲಟ್ ಕೆತ್ತಿದ ಶಿಲುಬೆ

ಗೋರಿಗೆ ಗುರುತಿಲ್ಲ, ಬಲಿಪೂಜೆಯಿಲ್ಲ, ಮನೆಯವರಿಗೆ ಸುದ್ದಿಯಿಲ್ಲ. ಆದರೂ ಶೋಕಾಚರಣೆ ಶಿಬಿರದೊಳಗೇ ಶುರುವಾಯಿತು. ಕಪಾನ್ ಸತ್ತ ಮೇಲೆ ಅಲ್ಲಿಗೆ ಬಂದವನು ಜೆರಾಲ್ಡ್ ಫಿಂಕ್, ಯೆಹೂದಿ ಧರ್ಮದ ಮರೀನ್ ಪೈಲಟ್. ಪಾದ್ರಿಯನ್ನು ಅವನು ಕಂಡವನಲ್ಲ, ಕೇಳಿದ್ದಷ್ಟೆ. ಕೇಳಿದ್ದೇ ಸಾಕಾಯಿತು. ಸೌದೆ ತುಂಡುಗಳನ್ನು ಆರಿಸಿ, ಬೂಟಿನೊಳಗಿನ ಉಕ್ಕಿನ ಪಟ್ಟಿಯಿಂದ ಚಾಕು ಮಾಡಿಕೊಂಡು, ಸುಮಾರು ನಾಲ್ಕಡಿ ಎತ್ತರದ ಶಿಲುಬೆಯನ್ನೂ ಅದರ ಮೇಲಿನ ಕ್ರಿಸ್ತನನ್ನೂ ಕೆತ್ತಿದ. ಮುಳ್ಳಿನ ಕಿರೀಟಕ್ಕೆ ರೇಡಿಯೊ ತಂತಿ ಹೆಣೆದ.

1953ರ ಸೆಪ್ಟೆಂಬರ್‌ನಲ್ಲಿ ಕೈದಿಗಳ ಬಿಡುಗಡೆಯಾದಾಗ ಬದುಕುಳಿದವರು ಆ ಶಿಲುಬೆಯನ್ನು ಹೊತ್ತುಕೊಂಡೇ ಹೊರಬಂದರು. ಈಗ ಅದು ಕಾನ್ಸಾಸ್‌ನ ವಿಚಿಟಾ ನಗರದಲ್ಲಿ ಕಪಾನ್ ಹೆಸರಿನ ಶಾಲೆಯಲ್ಲಿದೆ.

ಅದೇ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಲು ಒಪ್ಪದ ಸಾವಿರಾರು ಕೈದಿಗಳ ಗತಿ ನಿರ್ಧರಿಸಲು ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗ ಕೆಲಸ ಆರಂಭಿಸಿತು. ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಅದಕ್ಕೂ ಮೊದಲೇ, 1950ರ ಕೊನೆಯಿಂದ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ಭಾರತದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಆ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಡುತ್ತಿತ್ತು. ಹೊರನಾಡಿನ ಸಾವು ಮುಂದೆ ತಿಮ್ಮಯ್ಯನವರಿಗೂ ಬಂತು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ, 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರ ಬೆಂಗಳೂರಿಗೆ ಬಂತು, ನಾಡು ಕಣ್ತುಂಬ ನೋಡಿ ಕಳಿಸಿಕೊಟ್ಟಿತು. ಕಪಾನ್ ಅವರ ಮನೆಯವರಿಗೆ ಆ ಭಾಗ್ಯವೂ ಆಗ ಸಿಗಲಿಲ್ಲ.

ಕೊನೆಗೂ ಸಿಕ್ಕ ಗುರುತು

1954ರಲ್ಲಿ ಎರಡೂ ಕಡೆಯವರು ಸತ್ತವರ ಅವಶೇಷಗಳನ್ನು ವಿನಿಮಯ ಮಾಡಿಕೊಂಡಾಗ ನೂರಾರು ಮಂದಿಯ ಗುರುತು ಹತ್ತಲಿಲ್ಲ. ಅವರನ್ನು ಹವಾಯಿಯ ರಾಷ್ಟ್ರೀಯ ಸ್ಮಶಾನದಲ್ಲಿ ಅಜ್ಞಾತರೆಂದೇ ಹೂಳಲಾಯಿತು. ಕಪಾನ್ ಅವರಲ್ಲಿ ಒಬ್ಬರೆಂದು ಯಾರಿಗೂ ತಿಳಿದಿರಲಿಲ್ಲ. ಕೊರಿಯಾದ ಯಾವುದೋ ಗುಂಡಿಯಲ್ಲಿದ್ದಾರೆ ಎಂದೇ ಎಲ್ಲರೂ ನಂಬಿದ್ದರು.

ಇಷ್ಟೂ ಕಾಲ ಅವರನ್ನು ಜೀವಂತವಾಗಿಟ್ಟದ್ದು ಜತೆಗಿದ್ದವರ ಮಾತು. ಕ್ಯಾಥೊಲಿಕರು ಮಾತ್ರವಲ್ಲ, ಪ್ರೊಟೆಸ್ಟೆಂಟರು, ಯೆಹೂದಿಗಳು, ಯಾವ ಧರ್ಮಕ್ಕೂ ಸೇರದವರು ಹೋದಲ್ಲೆಲ್ಲ ಆ ನೀರಿನ ಪಾತ್ರೆಯ ಕಥೆ ಹೇಳಿದರು, ಪತ್ರ ಬರೆದರು, ಸಾಕ್ಷ್ಯ ನುಡಿದರು. 1993ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕ ಎಂದು ಕರೆಯಿತು. 2013ರ ಏಪ್ರಿಲ್ 11ರಂದು ಅಧ್ಯಕ್ಷ ಒಬಾಮಾ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಪ್ರದಾನ ಮಾಡಿದಾಗ ಅದನ್ನು ಪಡೆದವರು ಅವರ ತಮ್ಮನ ಮಗ. ಅಂದು ಸಭೆಯಲ್ಲಿ ಕುಳಿತಿದ್ದವರಲ್ಲಿ ಹಳ್ಳದಿಂದ ಎತ್ತಿ ಉಳಿಸಿದ್ದ ಹರ್ಬರ್ಟ್ ಮಿಲ್ಲರ್ ಕೂಡ ಒಬ್ಬರು.

2021ರ ಮಾರ್ಚ್‌ನಲ್ಲಿ ಹಲ್ಲು, ಮೂಳೆಗಳ ಪರೀಕ್ಷೆ ಮತ್ತು ಡಿಎನ್‌ಎ ವಿಶ್ಲೇಷಣೆಯಿಂದ ಹವಾಯಿಯ ಅಜ್ಞಾತರಲ್ಲಿ ಕಪಾನ್ ಪತ್ತೆಯಾದರು. ಸೆಪ್ಟೆಂಬರ್ 29ರಂದು ವಿಚಿಟಾದಲ್ಲಿ ಸಾವಿರಾರು ಜನರ ನಡುವೆ ಅಂತಿಮ ಬಲಿಪೂಜೆ ನಡೆಯಿತು. ಕುದುರೆ ಎಳೆದ ಬಂಡಿಯಲ್ಲಿ ಪೆಟ್ಟಿಗೆ ಪ್ರಧಾನಾಲಯಕ್ಕೆ ಬಂತು. 2025ರ ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯರೆಂದು ಮಾನ್ಯ ಮಾಡಿದರು.

ನಮ್ಮ ಊರಿನ ಹೆಸರುಗಳು

ಸತ್ತವರನ್ನು ಉಳಿಸುವುದು ಕಂಡವರು ಹೇಳಿದ, ಯಾರಾದರೂ ಬರೆದಿಟ್ಟ ಮಾತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪ್ಯೋಕ್ತೋಂಗ್‌ನ ಕೈದಿಗಳು ಸುಮ್ಮನಿದ್ದಿದ್ದರೆ ಕಪಾನ್ ಕೂಡ ಯುದ್ಧದ ಲೆಕ್ಕದಲ್ಲಿ ಒಂದು ಅಂಕಿಯಾಗಿ ಉಳಿಯುತ್ತಿದ್ದರು.

ಹಾಗೆ ಅಂಕಿಗಳಾಗಿ ಉಳಿದವರು ನಮ್ಮಲ್ಲೇ ಇದ್ದಾರೆ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಮಡಿದ 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆ ಇರಾಕಿನಲ್ಲಿ ಬಸ್ರಾ ಸ್ಮಾರಕವಿದೆ. ಬ್ರಿಟಿಷ್ ಸೈನಿಕರ ಹೆಸರನ್ನು ಅಲ್ಲಿ ಒಂದೊಂದಾಗಿ ಕೆತ್ತಲಾಯಿತು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಸಿಕ್ಕಿದ್ದು ರೆಜಿಮೆಂಟಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಬಸ್ರಾ ಬಿಟ್ಟು ಬೇರೆಡೆಯೂ ಇಂಥ ಅನ್ಯಾಯ ನಡೆದಿದೆ ಎಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಕೆಜಿಎಫ್‌ಗೆ ಸಾವು ಹೊಸದಲ್ಲ. ಗಣಿಯಾಳದಲ್ಲಿ ಬಂಡೆ ಸಿಡಿದಾಗ ಶಾಫ್ಟ್ ಬಾಯಲ್ಲಿ ಕಾದು ನಿಂತವರ ಊರು ಇದು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಊರು ಚದುರಿತು. ಒಂದಷ್ಟು ಜನ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಒಂದಷ್ಟು ಜನ ಸೇನೆ ಸೇರಿದರು, ಗಲ್ಫಿಗೆ ಹೋದರು, ಹಡಗು ಹತ್ತಿದರು, ಗುರುಗಳಾಗಿ ಕನ್ಯಾಸ್ತ್ರೀಯರಾಗಿ ದೂರದ ಧರ್ಮಕೇಂದ್ರಗಳಿಗೆ ಹೋದರು. ಚರ್ಚಿನ ಸಮಾಧಿ ದಾಖಲೆ ಪುಸ್ತಕದಲ್ಲಿ ಇಲ್ಲಿ ಹೂಳಿದವರ ಹೆಸರು ಸಿಗುತ್ತದೆ. ಹೊರಗೆ ಸತ್ತು ಹೊರಗೇ ಮಣ್ಣಾದವರ ಹೆಸರು ಅದರಲ್ಲಿ ಬರುವುದಿಲ್ಲ. ಅದನ್ನು ಬಲ್ಲ ಅಜ್ಜ ಅಜ್ಜಿಯರು ವರ್ಷಕ್ಕೊಬ್ಬರಂತೆ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ.

ಆದ್ದರಿಂದ ಕೋರಮಂಡಲ್‌ನಿಂದ ಮಾರಿಕುಪ್ಪಂವರೆಗಿನ ಪ್ರತಿ ಚರ್ಚಿಗೂ, ಬಂಗಾರಪೇಟೆಯ ಸಭೆಗಳಿಗೂ ಒಂದು ವಿನಂತಿ. ಹೊರನಾಡಿನಲ್ಲಿ ಮಡಿದವರಿಗಾಗಿ ಬೇರೆಯೇ ಒಂದು ಪುಸ್ತಕ ತೆರೆಯಿರಿ. ಹೆಸರು, ಮನೆ ಇದ್ದ ಲೈನ್, ಹೋದ ಊರು, ಮಾಡುತ್ತಿದ್ದ ಕೆಲಸ, ಸತ್ತ ದಿನ, ಹೂಳಿದ ಜಾಗ, ಅವರನ್ನು ಕಂಡವರು ಹೇಳುವ ಒಂದು ಮಾತು, ಇಷ್ಟನ್ನು ಬರೆಯಲು ಒಂದು ಹಾಳೆ ಸಾಕು. ಸೈನಿಕ, ಕೂಲಿ, ನರ್ಸ್, ಪಾದ್ರಿ ಎಂಬ ಭೇದ ಬೇಡ, ಜಾತಿ ಧರ್ಮದ ಗೆರೆಯೂ ಬೇಡ. ನವೆಂಬರ್ 2ರ ಪೂಜೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕೂತು ಕೇಳಿ, ಬರೆದುಕೊಳ್ಳಿ.